ಒಂದು ಮೋಡೆಮ್, ಎರಡು ಬಿಲ್: ಕ್ವಾಲ್‌ಕಾಮ್‌ನ ಪೇಟೆಂಟ್ ವ್ಯವಹಾರ

ಮೊಬೈಲ್ ತಯಾರಿಸುವ ಕಂಪನಿಯೊಂದು ಅಮೆರಿಕದ ಕ್ವಾಲ್‌ಕಾಮ್‌ನ ಮೋಡೆಮ್ ಚಿಪ್, ಅಂದರೆ ಫೋನನ್ನು ಜಾಲಕ್ಕೆ ಸೇರಿಸುವ ಚಿಪ್, ಬಳಸಿದರೆ ಅದಕ್ಕೆ ಎರಡು ಬಿಲ್ ಬರುತ್ತವೆ. ಮೊದಲನೆಯದು ಚಿಪ್‌ನದು: ಇಷ್ಟು ಚಿಪ್, ಒಂದಕ್ಕೆ ಇಷ್ಟು ಡಾಲರ್. ಇದರಲ್ಲಿ ವಿಶೇಷವೇನಿಲ್ಲ. ಎರಡನೆಯದು ಪೇಟೆಂಟ್‌ನದು: ನೀವು ಮಾರಿದ ಪ್ರತಿ ಫೋನಿನ ಬೆಲೆಯಲ್ಲಿ ಶೇ ಇಷ್ಟು. ಈ ಎರಡನೆಯ ಬಿಲ್ ಚಿಪ್ ಯಾರದಾದರೂ ಬರುತ್ತದೆ. ಮೀಡಿಯಾಟೆಕ್‌ನದು ಹಾಕಿ, ಸ್ಯಾಮ್‌ಸಂಗ್‌ನದು ಹಾಕಿ, ನೀವೇ ವಿನ್ಯಾಸ ಮಾಡಿದ್ದನ್ನು ಹಾಕಿ, ಅದು ತಪ್ಪುವುದಿಲ್ಲ. ಬೀಜಿಂಗ್, ಸೋಲ್, ಬ್ರಸೆಲ್ಸ್, ಸ್ಯಾನ್ ಹೋಸೆಗಳಲ್ಲಿ ಈ ಕಂಪನಿಯ ಮೇಲೆ ನಡೆದ ಮೊಕದ್ದಮೆಗಳ ಸುದ್ದಿ ನೀವು ಓದಿರುತ್ತೀರಿ. ಒಂದೆರಡು ಬಿಟ್ಟರೆ ಅವೆಲ್ಲ ಈ ಎರಡು ಬಿಲ್‌ಗಳ ನಡುವಿನ ನಂಟಿನ ಕುರಿತ ಜಗಳಗಳೇ. ದರ ಶೇ 5 ಹೆಚ್ಚೋ ಶೇ 3 ಹೆಚ್ಚೋ ಎಂಬುದರ ಮೇಲೆಯೇ ಎಲ್ಲರ ಕಣ್ಣು. ನನ್ನ ಪ್ರಕಾರ ದರಕ್ಕಿಂತ ದೊಡ್ಡ ಪ್ರಶ್ನೆ, ಆ ದುಡ್ಡನ್ನು ಎಲ್ಲಿ ನಿಂತು ವಸೂಲು ಮಾಡುತ್ತಾರೆ ಎಂಬುದು.

ಮಾರುತ್ತಿರುವ ವಸ್ತು ಏನೆಂದು ತಿಳಿಯದೆ ಬೆಲೆಯ ಜಗಳ ಅರ್ಥವಾಗುವುದಿಲ್ಲ. ಹಾಗಾಗಿ ಒಂದೇ ಒಂದು ತಂತ್ರವನ್ನು ಹತ್ತಿರದಿಂದ ನೋಡೋಣ. ಸಿಡಿಎಂಎ ಎಂಬ ತಂತ್ರದ ಮೊಬೈಲ್ ಜಾಲದಲ್ಲಿ ಒಂದು ಟವರ್‌ನಡಿಯ ಫೋನ್‌ಗಳೆಲ್ಲ ಒಂದೇ ತರಂಗಪಟ್ಟಿಯಲ್ಲಿ, ಒಂದೇ ಹೊತ್ತಿಗೆ ಮಾತಾಡುತ್ತವೆ. ಪ್ರತಿ ಫೋನಿಗೂ ಬೇರೆ ಬೇರೆ ಸಂಕೇತ ಇರುವುದರಿಂದ ಟವರ್ ಅವನ್ನು ಬಿಡಿಸಿಕೊಳ್ಳುತ್ತದೆ. ಆದರೆ ಟವರ್‌ನ ಬುಡದಲ್ಲಿರುವ ಫೋನು ಕೆಲವು ಕಿಲೋಮೀಟರ್ ದೂರದ ಫೋನಿಗಿಂತ ಸಾವಿರಾರು ಪಟ್ಟು ಜೋರಾಗಿ ಕೇಳಿಸುತ್ತದೆ. ದೂರದ್ದು ಅದರಡಿ ಮುಚ್ಚಿಹೋಗುತ್ತದೆ. ಈ 'ಹತ್ತಿರ-ದೂರ' ಸಮಸ್ಯೆ ಬಗೆಹರಿಯದೆ ಸಿಡಿಎಂಎ ನಡೆಯದು ಎಂದು 1980ರ ದಶಕದ ಕೊನೆಯಲ್ಲಿ ಉದ್ಯಮದ ಅನೇಕರು ಕೈಬಿಟ್ಟಿದ್ದರು. ಕ್ವಾಲ್‌ಕಾಮ್ ಕೊಟ್ಟ ಪರಿಹಾರ ಹೀಗಿತ್ತು: ಟವರ್ ಪ್ರತಿ ಫೋನಿಗೂ ಸೆಕೆಂಡಿಗೆ 800 ಸಲ, ಅಂದರೆ 1.25 ಮಿಲಿಸೆಕೆಂಡಿಗೊಮ್ಮೆ, ಒಂದೇ ಒಂದು ಬಿಟ್ ಕಳಿಸುತ್ತದೆ. ಅದರ ಅರ್ಥ 'ಏರಿಸು' ಅಥವಾ 'ಇಳಿಸು'. ಫೋನು ತನ್ನ ಪ್ರಸಾರದ ಬಲವನ್ನು ಸುಮಾರು ಒಂದು ಡೆಸಿಬೆಲ್‌ನಷ್ಟು ಬದಲಿಸುತ್ತದೆ. ಹೀಗೆ ಎಲ್ಲ ಫೋನ್‌ಗಳೂ ಟವರ್‌ಗೆ ಹೆಚ್ಚುಕಡಿಮೆ ಒಂದೇ ಬಲದಲ್ಲಿ ತಲುಪುತ್ತವೆ. ಮುಂದೆ ಯುರೋಪ್ ಮತ್ತು ಜಪಾನಿನ ಕಂಪನಿಗಳು ರೂಪಿಸಿದ 3ಜಿ ಮಾನದಂಡವಾದ ಡಬ್ಲ್ಯುಸಿಡಿಎಂಎಯಲ್ಲಿ ಇದೇ ಕೆಲಸ ಸೆಕೆಂಡಿಗೆ 1500 ಸಲ ನಡೆಯುತ್ತದೆ. ಮೂಲದ ತತ್ವ ಅದೇ ಆದ್ದರಿಂದ ಅಲ್ಲಿಗೂ ಬಿಲ್ ಹೋಯಿತು. ಈ ತಕರಾರಿನಲ್ಲಿ ಸ್ವೀಡನ್‌ನ ದೂರಸಂಪರ್ಕ ಕಂಪನಿ ಎರಿಕ್ಸನ್ ವರ್ಷಗಟ್ಟಲೆ ಹೋರಾಡಿ 1999ರ ಮಾರ್ಚ್‌ನಲ್ಲಿ ರಾಜಿಯಾಯಿತು.

ಈಗ ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಆ ಬಲ ನಿಯಂತ್ರಣದ ಆವಿಷ್ಕಾರ ಇರುವುದು ಎಲ್ಲಿ? ಬಿಟ್ ಓದಿ ನಿರ್ಧಾರ ಮಾಡುವುದು ಮೋಡೆಮ್ ಚಿಪ್. ಬಲವನ್ನು ನಿಜವಾಗಿ ಏರಿಸಿ ಇಳಿಸುವುದು ಫೋನಿನೊಳಗಿನ ಪವರ್ ಆಂಪ್ಲಿಫೈಯರ್, ಅದು ಬೇರೆಯೇ ಬಿಡಿಭಾಗ. ಬಿಟ್ ಕಳಿಸುವುದು ಟವರ್. ಹಾಗಾದರೆ ಬೆಲೆ ಕಟ್ಟಬೇಕಾದದ್ದು ಚಿಪ್‌ಗೋ, ಫೋನಿಗೋ, ಇಡೀ ಜಾಲಕ್ಕೋ? ಈ ಪ್ರಶ್ನೆಗೆ ಮತ್ತೆ ಬರುತ್ತೇನೆ.

ಇಲ್ಲೊಂದು ಅಡ್ಡಮಾತು. ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಆಂಡ್ರ್ಯೂ ವಿಟರ್ಬಿ 1967ರಲ್ಲಿ ಪ್ರಕಟಿಸಿದ ಡಿಕೋಡಿಂಗ್ ವಿಧಾನ ಕೋಟ್ಯಂತರ ಮೋಡೆಮ್‌ಗಳೊಳಗೆ ಕುಳಿತಿದೆ. ಅದಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಜಗತ್ತಿನ ಅತಿ ಕಟ್ಟುನಿಟ್ಟಿನ ಪೇಟೆಂಟ್ ವಸೂಲಿಗಾರ ಎಂದು ಹೆಸರಾದ ಕಂಪನಿಯ ಹಿಂದಿನ ಅತಿ ಪ್ರಸಿದ್ಧ ಗಣಿತ ಎಲ್ಲರಿಗೂ ಪುಕ್ಕಟೆ.

ಕಂಪನಿ ಹುಟ್ಟಿದ್ದು 1985ರ ಜುಲೈನಲ್ಲಿ, ಸ್ಯಾನ್ ಡಿಯೇಗೊದಲ್ಲಿ, ಇರ್ವಿನ್ ಜೇಕಬ್ಸ್, ವಿಟರ್ಬಿ ಮತ್ತು ಇತರ ಐವರಿಂದ. ಲಾರಿಗಳ ಜಾಡು ಹಿಡಿಯುವ ಉಪಗ್ರಹ ಸೇವೆಯಿಂದ ಮೊದಲ ದುಡ್ಡು ಬಂತು. 1993ರಲ್ಲಿ ಅವರ ಸಿಡಿಎಂಎ ಐಎಸ್-95 ಎಂಬ ಹೆಸರಿನಲ್ಲಿ ಅಮೆರಿಕದ ಮಾನದಂಡವಾಯಿತು. 1995ರಲ್ಲಿ ಹಾಂಗ್‌ಕಾಂಗ್, 1996ರಲ್ಲಿ ಕೊರಿಯಾ. ಆಗ ಅವರೇ ಫೋನು ತಯಾರಿಸುತ್ತಿದ್ದರು, ಟವರ್ ಉಪಕರಣವನ್ನೂ ತಯಾರಿಸುತ್ತಿದ್ದರು. 1999ರಲ್ಲಿ ಟವರ್ ವಿಭಾಗ ಎರಿಕ್ಸನ್‌ಗೆ ಹೋಯಿತು, 2000ದಲ್ಲಿ ಫೋನು ವಿಭಾಗ ಕ್ಯೋಸೆರಾಗೆ. ಇದು ನಷ್ಟದ ವ್ಯಾಪಾರ ಕೈಬಿಟ್ಟದ್ದು ಮಾತ್ರ ಎಂದುಕೊಳ್ಳಬೇಡಿ. ಪೇಟೆಂಟ್ ಲೋಕದಲ್ಲಿ ಒಬ್ಬರು ಇನ್ನೊಬ್ಬರಿಗೆ ಹೆದರುವುದು ತಾವೂ ಸರಕು ಮಾರುವುದರಿಂದ. ನನ್ನ ಫೋನಿನ ಮೇಲೆ ನೀವು ದಾವೆ ಹಾಕಿದರೆ ನಿಮ್ಮ ಫೋನಿನ ಮೇಲೆ ನಾನು ಹಾಕುತ್ತೇನೆ, ಕೊನೆಗೆ ಇಬ್ಬರೂ ಕೈಕುಲುಕುತ್ತೇವೆ. ಫೋನನ್ನೇ ಮಾಡದವನ ಮೇಲೆ ತಿರುಗಿ ಹಾಕುವುದಕ್ಕೆ ಅಷ್ಟರಮಟ್ಟಿಗೆ ದಾರಿ ಕಡಿಮೆ. ಉಳಿದದ್ದು ಎರಡು ವಿಭಾಗ: ಚಿಪ್ ಮಾರುವ ಕ್ಯುಸಿಟಿ, ಪೇಟೆಂಟ್ ಲೈಸೆನ್ಸ್ ಕೊಡುವ ಕ್ಯುಟಿಎಲ್. 2024ರ ಹಣಕಾಸು ವರ್ಷದಲ್ಲಿ ಕ್ಯುಸಿಟಿಯ ಆದಾಯ ಸುಮಾರು 33 ಬಿಲಿಯನ್ ಡಾಲರ್, ಕ್ಯುಟಿಎಲ್‌ನದು ಸುಮಾರು 5.6 ಬಿಲಿಯನ್. ಆದಾಯದಲ್ಲಿ ತೆರಿಗೆಗೆ ಮುಂಚಿನ ಲಾಭದ ಪಾಲು ನೋಡಿದರೆ ಚಿಪ್‌ನಲ್ಲಿ ಶೇ 30ರ ಆಸುಪಾಸು, ಲೈಸೆನ್ಸ್‌ನಲ್ಲಿ ಶೇ 70ರ ಮೇಲೆ. ಈ ಎರಡನೆಯ ಅಂಕಿ ಹೇಗೆ ಸಾಧ್ಯವಾಗುತ್ತದೆ ಎಂಬುದೇ ನಮ್ಮ ವಿಷಯ.

ಮಾನದಂಡ ಎಂದರೆ ಎಲ್ಲ ಕಂಪನಿಗಳೂ ಒಪ್ಪಿಕೊಂಡ ತಾಂತ್ರಿಕ ಪುಸ್ತಕ. ಅದರಲ್ಲಿ ಬರೆದದ್ದನ್ನು ಮಾಡದೆ ಫೋನು ಜಾಲಕ್ಕೆ ಸೇರುವುದಿಲ್ಲ. ಮಾಡಿದರೆ ಯಾರದೋ ಪೇಟೆಂಟ್ ತುಳಿದೇ ತುಳಿಯುತ್ತೀರಿ. ಅಂಥ ಪೇಟೆಂಟ್‌ಗಳಿಗೆ ಎಸ್‌ಇಪಿ ಎನ್ನುತ್ತಾರೆ, ಮಾನದಂಡಕ್ಕೆ ಅನಿವಾರ್ಯವಾದವು. ಮಾನದಂಡ ರೂಪಿಸುವ, ಯುರೋಪಿನ ಎಟ್ಸಿಯಂಥ ಸಂಸ್ಥೆಗಳು ಇಂಥ ಪೇಟೆಂಟ್ ಉಳ್ಳವರಿಂದ ಒಂದು ವಚನ ಕೇಳುತ್ತವೆ: ನ್ಯಾಯಯುತ, ಸಮಂಜಸ, ತಾರತಮ್ಯವಿಲ್ಲದ ಷರತ್ತಿನ ಮೇಲೆ ಲೈಸೆನ್ಸ್ ಕೊಡುತ್ತೇವೆ ಎಂದು. ಉದ್ಯಮದ ಬಾಯಲ್ಲಿ ಇದು ಫ್ರ್ಯಾಂಡ್. ಈ ವಚನದಲ್ಲಿ ಮೂರು ತೂತುಗಳಿವೆ. ಸಮಂಜಸ ಎಂದರೆ ಎಷ್ಟು ಎಂದು ಎಲ್ಲೂ ಬರೆದಿಲ್ಲ. ಯಾವ ಪೇಟೆಂಟ್ ಅನಿವಾರ್ಯ ಎಂದು ಘೋಷಿಸುವವರು ಪೇಟೆಂಟ್ ಮಾಲೀಕರೇ. ಎಟ್ಸಿ ಅದನ್ನು ಪರೀಕ್ಷಿಸುವುದಿಲ್ಲ, ಹಾಗಾಗಿ ಘೋಷಿತ ಪಟ್ಟಿಯ ಉದ್ದ ನೋಡಿ ಬೆಲೆ ಕಟ್ಟಲು ಹೊರಟವರು ಮೋಸಹೋಗುತ್ತಾರೆ. ಮೂರನೆಯದೇ ಮುಖ್ಯ: ಲೈಸೆನ್ಸ್ ಯಾರಿಗೆ ಕೊಡಬೇಕು? ಕೇಳಿದ ಯಾರಿಗಾದರೂ ಕೊಡಬೇಕೋ, ಪೂರ್ತಿ ಫೋನು ಮಾಡುವವರಿಗೆ ಮಾತ್ರ ಕೊಟ್ಟರೆ ಸಾಕೋ? ಚಿಪ್ ಮಾಡುವ ಪ್ರತಿಸ್ಪರ್ಧಿ ಬಂದು ಕೇಳಿದರೆ ಏನು ಮಾಡಬೇಕು?

ಕ್ವಾಲ್‌ಕಾಮ್‌ನ ನಿಲುವು, ಲೈಸೆನ್ಸ್ ಫೋನಿನ ಹಂತದಲ್ಲಿ ಮಾತ್ರ. ಕಾರಣ ಲೆಕ್ಕದಲ್ಲೇ ಇದೆ. 20 ಡಾಲರ್‌ನ ಚಿಪ್ ಮೇಲೆ ಶೇ 5 ಎಂದರೆ 1 ಡಾಲರ್. 400 ಡಾಲರ್‌ನ ಫೋನಿನ ಮೇಲೆ ಶೇ 5 ಎಂದರೆ 20 ಡಾಲರ್, ಅಂದರೆ ಚಿಪ್‌ನ ಬೆಲೆಯಷ್ಟೇ ಲೈಸೆನ್ಸ್. ಪರದೆ ಚೆನ್ನಾಗಿದ್ದದ್ದಕ್ಕೆ, ಕ್ಯಾಮೆರಾ ಹೆಚ್ಚಿದ್ದದ್ದಕ್ಕೆ, ಮೆಮೊರಿ ದುಪ್ಪಟ್ಟಾದದ್ದಕ್ಕೆ ಮೋಡೆಮ್ ಪೇಟೆಂಟ್‌ನವರಿಗೆ ಯಾಕೆ ಹೆಚ್ಚು ಕೊಡಬೇಕು ಎಂಬುದು ಫೋನು ಕಂಪನಿಗಳ ದೂರು. ಜಾಲಕ್ಕೆ ಸೇರದಿದ್ದರೆ ಆ ಪರದೆ, ಕ್ಯಾಮೆರಾಗಳಿಗೆ ಅಷ್ಟು ಬೆಲೆ ಎಲ್ಲಿಂದ ಬರುತ್ತಿತ್ತು ಎಂಬುದು ಕ್ವಾಲ್‌ಕಾಮ್‌ನ ಉತ್ತರ. ಈಗ ಆ ಬಲ ನಿಯಂತ್ರಣದ ಪ್ರಶ್ನೆ ನೆನಪಿಸಿಕೊಳ್ಳಿ. ಆವಿಷ್ಕಾರ ಚಿಪ್‌ನಲ್ಲಿದೆ ಅಂದವರು ಮೊದಲ ಲೆಕ್ಕದ ಪರ, ಇಡೀ ವ್ಯವಸ್ಥೆಯಲ್ಲಿದೆ ಅಂದವರು ಎರಡನೆಯದರ ಪರ. ಎರಡೂ ಕಡೆ ಹುರುಳಿದೆ. ಆದರೆ ಫೋನು ದುಬಾರಿಯಾದಷ್ಟೂ ಎರಡನೆಯ ವಾದ ತೆಳುವಾಗುತ್ತದೆ. ಇದು ಕ್ವಾಲ್‌ಕಾಮ್‌ಗೂ ಗೊತ್ತು. ಅದಕ್ಕೇ ಲೆಕ್ಕಕ್ಕೆ ಹಿಡಿಯುವ ಬೆಲೆಗೆ 2018ರಲ್ಲಿ ಅವರೇ 400 ಡಾಲರ್‌ನ ಮಿತಿ ಹಾಕಿದರು. 1,000 ಡಾಲರ್‌ನ ಫೋನೂ ಅವರ ಲೆಕ್ಕದಲ್ಲಿ 400 ಡಾಲರ್‌ನದೇ.

ಪ್ರಕಟಿತ ದರಗಳು ಹೀಗಿವೆ. 5ಜಿ ಜೊತೆಗೆ 3ಜಿ, 4ಜಿಯೂ ಇರುವ ಫೋನಿಗೆ ಅನಿವಾರ್ಯ ಪೇಟೆಂಟ್‌ಗಳಷ್ಟೇ ಬೇಕಾದರೆ ಶೇ 3.25; ಬರೀ 5ಜಿ ಇರುವುದಕ್ಕೆ ಶೇ 2.275. ಮಾನದಂಡಕ್ಕೆ ಸೇರದ ಪೇಟೆಂಟ್‌ಗಳೂ ಸೇರಿ ಇಡೀ ಗಂಟು ಬೇಕಾದರೆ ಶೇ 5 ಮತ್ತು ಶೇ 4. ನೂರು ಡಾಲರ್‌ನ ಫೋನಿಗೆ 3.25 ಡಾಲರ್, ಮುನ್ನೂರಕ್ಕೆ 9.75; ನಾನೂರು ದಾಟಿದ ಮೇಲೆ ಎಲ್ಲಕ್ಕೂ 13. ಶೇ 2.275 ಎಂಬ ಈ ವಿಚಿತ್ರ ಅಂಕಿ ಎಲ್ಲಿಂದ ಬಂತು? ಯಾವ ಎಂಜಿನಿಯರೂ ಪೇಟೆಂಟ್ ತೂಗಿ ನೋಡಿ 2.275 ಎಂದು ಹೇಳುವುದಿಲ್ಲ. ಇದಕ್ಕೆ ಚೀನಾಕ್ಕೆ ಹೋಗಬೇಕು. 2015ರ ಫೆಬ್ರುವರಿಯಲ್ಲಿ ಅಲ್ಲಿನ ಸರ್ಕಾರಿ ಆಯೋಗ ಎನ್‌ಡಿಆರ್‌ಸಿ ಕ್ವಾಲ್‌ಕಾಮ್‌ಗೆ 6.088 ಬಿಲಿಯನ್ ಯುವಾನ್ ದಂಡ ಹಾಕಿತು. ಜೊತೆಗೆ ಚೀನಾದಲ್ಲಿ ಬಳಕೆಗೆ ಮಾರುವ ಫೋನ್‌ಗಳಿಗೆ ಹೊಸ ಷರತ್ತು ಬಂತು. ದರ 3ಜಿ ಇರುವುದಕ್ಕೆ ಶೇ 5, ಬರೀ 4ಜಿ ಬಗೆಯದಕ್ಕೆ ಶೇ 3.5, ಆದರೆ ಅದನ್ನು ಫೋನಿನ ನಿವ್ವಳ ಬೆಲೆಯ ಶೇ 65ರ ಮೇಲೆ ಮಾತ್ರ ಲೆಕ್ಕ ಹಾಕಬೇಕು. ಈಗ ಕಾಗದ ತೆಗೆದುಕೊಂಡು ಗುಣಿಸಿ. 65ರಲ್ಲಿ ಶೇ 5 ಎಂದರೆ 3.25. 65ರಲ್ಲಿ ಶೇ 3.5 ಎಂದರೆ 2.275. ಚೀನಾದ ಸರ್ಕಾರಿ ಕಚೇರಿಯಲ್ಲಿ ಹುಟ್ಟಿದ ಚೌಕಾಸಿಯ ಅಂಕಿಗಳೇ ಎರಡು ವರ್ಷ ಕಳೆದು 5ಜಿಯ ಜಾಗತಿಕ ದರಪಟ್ಟಿಯಲ್ಲಿ ಕುಳಿತಿವೆ. 'ಸಮಂಜಸ' ಎಂಬ ಮಾತಿನ ಅರ್ಥ ಎಲ್ಲಿ ನಿಗದಿಯಾಗುತ್ತದೆ ಎಂದು ಕೇಳುವವರಿಗೆ ನಾನು ತೋರಿಸುವುದು ಈ ಗುಣಾಕಾರವನ್ನೇ.

ಲೈಸೆನ್ಸ್ ಒಪ್ಪಂದ ಓದುವವರು ದರದ ಸಾಲಿನಲ್ಲಿ ನಿಲ್ಲಬಾರದು, ವ್ಯಾಖ್ಯಾನಗಳ ಪುಟಕ್ಕೆ ಹೋಗಬೇಕು. 'ನಿವ್ವಳ ಮಾರಾಟ ಬೆಲೆ' ಎಂದರೆ ಯಾರು ಯಾರಿಗೆ ಮಾರಿದ ಬೆಲೆ? ಐಫೋನ್ ವಿಷಯದಲ್ಲಿ 2019ರವರೆಗೆ ಲೈಸೆನ್ಸ್ ಇದ್ದದ್ದು ಆಪಲ್‌ಗಲ್ಲ. ಫಾಕ್ಸ್‌ಕಾನ್, ಪೆಗಾಟ್ರಾನ್, ವಿಸ್ಟ್ರಾನ್, ಕಾಂಪಾಲ್ ಎಂಬ ಜೋಡಣೆ ಕಂಪನಿಗಳಿಗೆ. ಹಾಗಾಗಿ ಶೇಕಡಾವಾರು ಬಿದ್ದದ್ದು ಅಂಗಡಿಯ ಬೆಲೆಯ ಮೇಲಲ್ಲ, ಅವರು ಆಪಲ್‌ಗೆ ಹಾಕುವ ಕಾರ್ಖಾನೆ ಬೆಲೆಯ ಮೇಲೆ. ಅವರು ಕಟ್ಟಿದ್ದನ್ನು ಆಪಲ್ ತುಂಬಿಕೊಡುತ್ತಿತ್ತು, ಅದರಲ್ಲಿ ಒಂದು ಪಾಲನ್ನು ಕ್ವಾಲ್‌ಕಾಮ್ ಆಪಲ್‌ಗೆ ಹಿಂದಿರುಗಿಸುತ್ತಿತ್ತು. ಎಲ್ಲ ಕಳೆದು ಫೋನಿಗೆ 7.50 ಡಾಲರ್ ಬೀಳುತ್ತಿತ್ತು ಎಂದು ಆಪಲ್‌ನ ಆಗಿನ ಹಿರಿಯ ಅಧಿಕಾರಿ ಜೆಫ್ ವಿಲಿಯಮ್ಸ್ 2019ರ ಜನವರಿಯಲ್ಲಿ ಕೋರ್ಟಿನಲ್ಲಿ ಸಾಕ್ಷ್ಯ ಹೇಳಿದರು. ತಮಗೆ ಸರಿ ಕಂಡದ್ದು 1.50 ಡಾಲರ್ ಎಂದೂ ಹೇಳಿದರು: 30 ಡಾಲರ್‌ನ ಚಿಪ್‌ಗೆ ಶೇ 5. ನೋಡಿ, ಶೇಕಡಾವಾರಿನಲ್ಲಿ ಎರಡೂ ಕಡೆಗೂ ತಕರಾರಿಲ್ಲ. ಏನರ ಮೇಲೆ ಎಂಬುದರಲ್ಲಿ ಐದು ಪಟ್ಟಿನ ವ್ಯತ್ಯಾಸ ಹುಟ್ಟುತ್ತದೆ.

ಎಡವುವ ಇನ್ನೊಂದು ಜಾಗ ಮುಂಗಡ. ಬ್ಲ್ಯಾಕ್‌ಬೆರಿ 2010ರಿಂದ 2015ರವರೆಗಿನ ಮಾರಾಟಕ್ಕೆಂದು ಹಿಂದಿರುಗಿಸದ ಮುಂಗಡ ರಾಯಲ್ಟಿ, ಅಂದರೆ ಪೇಟೆಂಟ್ ಬಳಕೆಯ ಶುಲ್ಕ, ಕಟ್ಟಿತ್ತು. ಆ ವರ್ಷಗಳಲ್ಲಿ ಅದರ ಮಾರಾಟಕ್ಕೆ ಏನಾಯಿತೆಂದು ನಿಮಗೇ ಗೊತ್ತು. ಕೆಲವು ರಾಯಲ್ಟಿಗಳಿಗೆ ಮಿತಿ ಹಾಕುವ ಮಾತು ಆ ಮುಂಗಡಕ್ಕೂ ಅನ್ವಯಿಸುತ್ತದೆಯೇ ಎಂಬ ವಿವಾದ ಕೋರ್ಟಿನ ಹೊರಗಿನ ಮಧ್ಯಸ್ಥರ ಮುಂದೆ ಹೋಗಿ, 2017ರ ಏಪ್ರಿಲ್‌ನಲ್ಲಿ ಬ್ಲ್ಯಾಕ್‌ಬೆರಿಗೆ 815 ಮಿಲಿಯನ್ ಡಾಲರ್ ಹಿಂದಿರುಗಿಸುವಂತೆ ತೀರ್ಪಾಯಿತು. ಬಡ್ಡಿ, ಖರ್ಚು ಸೇರಿ 940 ಮಿಲಿಯನ್. ಇದು ಏಕಸ್ವಾಮ್ಯದ ಪ್ರಶ್ನೆಯೇ ಅಲ್ಲ, ಒಪ್ಪಂದದ ಪದಗಳನ್ನು ಓದುವ ಪ್ರಶ್ನೆ. ಅತ್ತ ಕ್ವಾಲ್‌ಕಾಮ್‌ಗೂ ತಲೆನೋವಿದೆ: ಎಷ್ಟು ಫೋನು ಮಾರಿದೆವೆಂದು ಹೇಳುವವರು ಫೋನು ಕಂಪನಿಗಳೇ. ಚೀನಾದ ಕೆಲವು ಲೈಸೆನ್ಸ್‌ದಾರರು ಕಡಿಮೆ ತೋರಿಸುತ್ತಿದ್ದಾರೆ ಎಂದು ಕಂಪನಿಯೇ 2014ರ ಸುಮಾರಿಗೆ ಹೂಡಿಕೆದಾರರಿಗೆ ಹೇಳಿತ್ತು.

ಈಗ ಕಾನೂನಿನ ಒಂದು ಹಳೆಯ ನಿಯಮ. ಪೇಟೆಂಟ್ ಇರುವ ವಸ್ತುವನ್ನು ಮಾಲೀಕನೇ ಮಾರಿದ ಮೇಲೆ ಆ ವಸ್ತುವಿನ ಮಟ್ಟಿಗೆ ಅವನ ಹಕ್ಕು ತೀರಿತು. ಕೊಂಡವನು ಅದನ್ನು ಬಳಸಬಹುದು, ಮತ್ತೆ ಮಾರಬಹುದು, ಪುನಃ ದುಡ್ಡು ಕೇಳುವಂತಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2008ರಲ್ಲಿ ಕ್ವಾಂಟಾ ಮತ್ತು ಎಲ್‌ಜಿ ನಡುವಿನ ಪ್ರಕರಣದಲ್ಲಿ ಇದನ್ನು ಗಟ್ಟಿ ಮಾಡಿತು. ಅಲ್ಲಿ ಎಲ್‌ಜಿಯಿಂದ ಲೈಸೆನ್ಸ್ ಪಡೆದು ಚಿಪ್ ಮಾರಿದವರು ಇಂಟೆಲ್. ಇಂಟೆಲ್ ಮಾರಿದ ಮೇಲೆ ಕಂಪ್ಯೂಟರ್ ಜೋಡಿಸುವವರಿಂದ ಎಲ್‌ಜಿ ಮತ್ತೆ ಕೇಳುವಂತಿಲ್ಲ ಎಂದಾಯಿತು. ಇದನ್ನು ಮೋಡೆಮ್‌ಗೆ ಅನ್ವಯಿಸಿ ನೋಡಿ. ಪ್ರತಿಸ್ಪರ್ಧಿ ಚಿಪ್ ಕಂಪನಿಗೆ ಕ್ವಾಲ್‌ಕಾಮ್ ಪೂರ್ತಿ ಲೈಸೆನ್ಸ್ ಕೊಟ್ಟಿತೆನ್ನಿ: ಆ ಚಿಪ್ ಮಾರಾಟವಾದ ಕ್ಷಣಕ್ಕೆ ಹಕ್ಕು ತೀರುತ್ತದೆ, ಫೋನಿನ ಬೆಲೆಯ ಮೇಲೆ ಶೇಕಡಾವಾರು ಕೇಳುವ ದಾರಿ ಮುಚ್ಚುತ್ತದೆ. ಹಾಗಾಗಿ ಪ್ರತಿಸ್ಪರ್ಧಿಗಳಿಗೆ ಲೈಸೆನ್ಸ್ ನಿರಾಕರಿಸುವುದು ಬರೀ ಹಟವಲ್ಲ. ಇಡೀ ಮಹಲು ನಿಂತಿರುವ ಕಂಬ ಅದು. 2009ರಲ್ಲಿ ಮೀಡಿಯಾಟೆಕ್ ಜೊತೆ ಆದ ಒಪ್ಪಂದ ನೋಡಿದರೆ ತಿಳಿಯುತ್ತದೆ. ಚಿಪ್‌ಗಳ ಮಟ್ಟಿಗೆ ಇಬ್ಬರ ನಡುವೆ ರಾಯಲ್ಟಿ ಇಲ್ಲ. ಆದರೆ ಮೀಡಿಯಾಟೆಕ್ ಚಿಪ್ ಕೊಂಡವರಿಗೆ ಅದರ ಜೊತೆ ಕ್ವಾಲ್‌ಕಾಮ್ ಪೇಟೆಂಟ್‌ನ ಯಾವ ಹಕ್ಕೂ ಸಿಗುವುದಿಲ್ಲ, ಅವರು ನೇರವಾಗಿ ಬಂದು ಲೈಸೆನ್ಸ್ ಪಡೆಯಬೇಕು.

ಹಾಗಾದರೆ ಕ್ವಾಲ್‌ಕಾಮ್ ತಾನೇ ಮಾರುವ ಚಿಪ್ ವಿಷಯವೇನು? ಅದನ್ನು ಮಾರಿದಾಗಲೂ ಹಕ್ಕು ತೀರಬೇಕಲ್ಲ? ಇಲ್ಲೇ ಆ ಪ್ರಸಿದ್ಧ ಷರತ್ತು ಬರುತ್ತದೆ: ಮೊದಲು ಲೈಸೆನ್ಸ್‌ಗೆ ಸಹಿ ಹಾಕಿ, ಆಮೇಲೆ ಚಿಪ್. ವಿರೋಧಿಗಳು ಇದಕ್ಕೆ 'ಲೈಸೆನ್ಸ್ ಇಲ್ಲ, ಚಿಪ್ ಇಲ್ಲ' ಎಂದು ಹೆಸರಿಟ್ಟರು. 2012ರಲ್ಲಿ ಕಂಪನಿ ತನ್ನ ಮನೆಯನ್ನೂ ಪಾಲು ಮಾಡಿಕೊಂಡಿತು: ಚಿಪ್ ವ್ಯವಹಾರ ಅಧೀನ ಕಂಪನಿಗೆ, ಪೇಟೆಂಟ್‌ಗಳ ಬಹುಪಾಲು ಮತ್ತು ಲೈಸೆನ್ಸ್ ವಿಭಾಗ ಮಾತೃಕಂಪನಿಯಲ್ಲಿ. ಒಂದೇ ವಸ್ತುವಿಗೆ ಎರಡು ಸಲ ದುಡ್ಡು ಕೇಳುತ್ತಿದ್ದಾರೆ ಎಂದು ಆಪಲ್ 2017ರಲ್ಲಿ ಹಕ್ಕು ತೀರುವ ವಾದವನ್ನೇ ಮುಂದಿಟ್ಟಿತು. ರಾಜಿಯಾದ್ದರಿಂದ ಅದರ ಮೇಲೆ ತೀರ್ಪು ಬರಲೇ ಇಲ್ಲ. ಕಾನೂನು ಓದುವವರಿಗೆ ಇದೊಂದು ನಿರಾಸೆಯೇ.

ಈ ಷರತ್ತಿನ ತೂಕ ಎಲ್ಲಿದೆ ನೋಡಿ. ಸಾಮಾನ್ಯವಾಗಿ ರಾಯಲ್ಟಿ ದುಬಾರಿ ಎನಿಸಿದರೆ ಫೋನು ಕಂಪನಿಗೆ ಒಂದು ದಾರಿ ಇರುತ್ತದೆ: ಕೊಡುವುದಿಲ್ಲ, ಕೋರ್ಟಿಗೆ ಹೋಗಿ ಎನ್ನುವುದು. ಕೋರ್ಟು ಪೇಟೆಂಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಲವನ್ನು ರದ್ದು ಮಾಡಿ, ಒಂದು ದರ ಹೇಳುತ್ತದೆ. ಆ ದಾರಿ ಇರುವುದರಿಂದಲೇ ಚೌಕಾಸಿ ಹತೋಟಿಯಲ್ಲಿರುತ್ತದೆ. ಆದರೆ ಎದುರಿಗೆ ಕುಳಿತವರು ನಿಮ್ಮ ಚಿಪ್‌ನ ಪೂರೈಕೆದಾರರೂ ಆಗಿದ್ದರೆ? ಸಿಡಿಎಂಎ ಚಿಪ್‌ನಲ್ಲಿ ಮತ್ತು ಮೇಲ್ಮಟ್ಟದ 4ಜಿ ಚಿಪ್‌ನಲ್ಲಿ ವರ್ಷಗಟ್ಟಲೆ ಬೇರೆ ಗತಿ ಇರಲಿಲ್ಲ. ಫೋನಿನ ಒಂದು ಮಾದರಿ ಹೊರಬರಲು ವರ್ಷದ ಮುಂಚೆಯೇ ಚಿಪ್ ಆಯ್ಕೆಯಾಗಿ, ಬೋರ್ಡ್ ವಿನ್ಯಾಸವಾಗಿ, ಜಾಲ ಕಂಪನಿಗಳ ಪರೀಕ್ಷೆಗೆ ಹೋಗಿರುತ್ತದೆ. ಆ ಹಂತದಲ್ಲಿ ಚಿಪ್ ನಿಂತರೆ ಆ ವರ್ಷದ ಮಾರಾಟವೇ ಹೋಯಿತು. ಕೆಲವು ಡಾಲರ್ ರಾಯಲ್ಟಿಯ ತಕರಾರಿಗೆ ಯಾರು ಆ ಅಪಾಯ ಮೈಮೇಲೆ ಎಳೆದುಕೊಳ್ಳುತ್ತಾರೆ? ಸಹಿ ಹಾಕಿ ಮುಂದೆ ಹೋಗುತ್ತಾರೆ. ಚಿಪ್ ನಿಲ್ಲಿಸಬೇಕೆಂದೂ ಇಲ್ಲ, ನಿಲ್ಲಬಹುದು ಎಂಬ ಅಳುಕು ಸಾಕು.

ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ 2017ರ ಜನವರಿಯಲ್ಲಿ ಹೂಡಿದ ದಾವೆಯ ತಿರುಳು ಇದೇ. ಅದರ ವಾದವನ್ನು ಸುಲಭದ ಅಂಕಿಗಳಲ್ಲಿ ಇಡುತ್ತೇನೆ. ಅಂಕಿಗಳು ನನ್ನವು, ತರ್ಕ ಅವರದು. ಪೇಟೆಂಟ್‌ನ ನ್ಯಾಯವಾದ ಬೆಲೆ 6 ಡಾಲರ್, ಚಿಪ್ ಬೆದರಿಕೆಯಿಂದಾಗಿ 10 ವಸೂಲಾಗುತ್ತಿದೆ ಎನ್ನಿ. ಹೆಚ್ಚುವರಿ 4 ಡಾಲರ್. ಫೋನು ಕಂಪನಿ ಚಿಪ್ ಮತ್ತು ಲೈಸೆನ್ಸ್ ಎರಡಕ್ಕೂ ಸೇರಿ 30 ಡಾಲರ್ ಕೊಡಲು ತಯಾರಿದೆ. ಪ್ರತಿಸ್ಪರ್ಧಿಯ ಚಿಪ್ ಕೊಂಡರೂ ಕ್ವಾಲ್‌ಕಾಮ್‌ಗೆ 10 ಕೊಡಲೇಬೇಕು, ಆದ್ದರಿಂದ ಪ್ರತಿಸ್ಪರ್ಧಿಗೆ ಉಳಿಯುವುದು 20. ನ್ಯಾಯವಾದ ದರವಿದ್ದರೆ 24 ಸಿಗುತ್ತಿತ್ತು. ಅವನ ಸಂಶೋಧನೆಗೆ ಹೋಗಬೇಕಾದ 4 ಡಾಲರ್ ಕ್ವಾಲ್‌ಕಾಮ್‌ನ ಜೇಬಿಗೆ ಹೋಗುತ್ತದೆ. ಕ್ವಾಲ್‌ಕಾಮ್ ತನ್ನ ಚಿಪ್ ಬೆಲೆಯನ್ನು 18ಕ್ಕೆ ಇಳಿಸಿದರೂ ಅದಕ್ಕೆ ನಷ್ಟವಿಲ್ಲ, ಆ ಕಡೆಯ 4 ಇದ್ದೇ ಇದೆ. ಪ್ರತಿಸ್ಪರ್ಧಿ ಅಷ್ಟಕ್ಕೆ ಇಳಿದರೆ ಸಾಯುತ್ತಾನೆ. ಹೀಗೆ ಅವರು ಇದನ್ನು ಪ್ರತಿಸ್ಪರ್ಧಿಯ ಚಿಪ್ ಮೇಲೆ ಹಾಕಿದ ಖಾಸಗಿ ತೆರಿಗೆ ಎಂಬಂತೆ ಚಿತ್ರಿಸಿದರು.

ನ್ಯಾಯಾಧೀಶೆ ಲೂಸಿ ಕೋ 2019ರ ಮೇ 21ರಂದು, 233 ಪುಟಗಳ ತೀರ್ಪಿನಲ್ಲಿ, ಇದನ್ನು ಒಪ್ಪಿದರು. ಚಿಪ್ ಪೂರೈಕೆಯನ್ನು ಲೈಸೆನ್ಸ್‌ಗೆ ಗಂಟುಹಾಕಬಾರದು, ಪ್ರತಿಸ್ಪರ್ಧಿ ಚಿಪ್ ಕಂಪನಿಗಳಿಗೆ ಪೂರ್ತಿ ಲೈಸೆನ್ಸ್ ಕೊಡಬೇಕು, ತನ್ನಿಂದಲೇ ಕೊಳ್ಳಬೇಕೆಂಬ ಒಪ್ಪಂದಗಳು ಕೂಡದು, ಏಳು ವರ್ಷ ನಿಗಾ ಇರುತ್ತದೆ ಎಂದು ಆದೇಶಿಸಿದರು. ಇಲ್ಲೊಂದು ಸೋಜಿಗ: ಸರ್ಕಾರದ ಎಫ್‌ಟಿಸಿ ದಾವೆ ಹೂಡಿದರೆ, ಅದೇ ಸರ್ಕಾರದ ನ್ಯಾಯ ಇಲಾಖೆ ಮೇಲ್ಮನವಿ ಕೋರ್ಟಿಗೆ ಹೋಗಿ ಕ್ವಾಲ್‌ಕಾಮ್ ಪರ ನಿಂತಿತು, ರಕ್ಷಣಾ ಇಲಾಖೆಯೂ ದನಿಗೂಡಿಸಿತು. 5ಜಿಯಲ್ಲಿ ಚೀನಾದ ಎದುರು ಇರುವ ದೊಡ್ಡ ಕುದುರೆ ಇದೊಂದೇ, ಅದರ ಕಾಲು ಕಟ್ಟಬೇಡಿ ಎಂಬುದು ಒಳಮಾತು. ಆ ಹಿಂದಿನ ವರ್ಷ ಬ್ರಾಡ್‌ಕಾಮ್ ಈ ಕಂಪನಿಯನ್ನು ಕೊಳ್ಳಲು ಬಂದಾಗ ಅಧ್ಯಕ್ಷರೇ ದೇಶದ ಭದ್ರತೆಯ ಹೆಸರಿನಲ್ಲಿ ತಡೆದಿದ್ದರು.

ಒಂಬತ್ತನೆಯ ಸರ್ಕ್ಯೂಟ್‌ನ ಮೇಲ್ಮನವಿ ಕೋರ್ಟ್ 2020ರ ಆಗಸ್ಟ್ 11ರಂದು ಎಲ್ಲವನ್ನೂ ತಿರುಗಿಸಿತು. ಅದರ ಉತ್ತರ ಹೀಗೆ: ಪ್ರತಿಸ್ಪರ್ಧಿಯೊಂದಿಗೆ ವ್ಯವಹರಿಸಲೇಬೇಕೆಂಬ ಕಟ್ಟು ಏಕಸ್ವಾಮ್ಯ ಕಾನೂನಿನಲ್ಲಿ ಇಲ್ಲ. ಫ್ರ್ಯಾಂಡ್ ವಚನ ಮುರಿದಿದ್ದರೆ ಅದು ಒಪ್ಪಂದದ ಮತ್ತು ಪೇಟೆಂಟ್ ಕಾನೂನಿನ ತಕರಾರು, ಅಲ್ಲಿಗೆ ಹೋಗಿ. ಇನ್ನು ಆ ಹೆಚ್ಚುವರಿ ದುಡ್ಡು, ಅದನ್ನು ಕೊಡುವವರು ಫೋನು ಕಂಪನಿಗಳು. ಅವರು ಗ್ರಾಹಕರು, ಸ್ಪರ್ಧಿಗಳಲ್ಲ. ಯಾರ ಚಿಪ್ ಕೊಂಡರೂ ರಾಯಲ್ಟಿ ಅಷ್ಟೇ ಆದ್ದರಿಂದ ಒಬ್ಬ ಚಿಪ್ ಮಾರಾಟಗಾರನ ಎದುರು ಇನ್ನೊಬ್ಬನಿಗೆ ಅನ್ಯಾಯವಾಗಿಲ್ಲ. ನನ್ನ ಉದಾಹರಣೆಯಲ್ಲಿ ಹೇಳುವುದಾದರೆ, 10 ಎಲ್ಲರಿಗೂ 10. ತರ್ಕವಾಗಿ ಇದು ಅಚ್ಚುಕಟ್ಟು. ಆದರೆ ಆ 10 ಮರಳಿ ಯಾರ ಮನೆ ಸೇರುತ್ತದೆ ಎಂಬ ಪ್ರಶ್ನೆಯನ್ನು ಕೋರ್ಟ್ ಬದಿಗಿಟ್ಟಿತು ಎಂಬುದು ನನ್ನ ಅನಿಸಿಕೆ. ಎಫ್‌ಟಿಸಿ 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಗುವುದಿಲ್ಲ ಎಂದಿತು, ಅಲ್ಲಿಗೆ ಅಮೆರಿಕದಲ್ಲಿ ಮುಗಿಯಿತು.

ಬೇರೆ ಕಡೆ ಹಾಗೆ ಮುಗಿಯಲಿಲ್ಲ. ಕೊರಿಯಾದ ಆಯೋಗ 2016ರ ಡಿಸೆಂಬರ್‌ನಲ್ಲಿ 1.03 ಟ್ರಿಲಿಯನ್ ವೊನ್ ದಂಡ ಹಾಕಿತ್ತು, ಕಾರಣಗಳು ಹೆಚ್ಚುಕಡಿಮೆ ಅವೇ. 2023ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ತೈವಾನ್ 2017ರಲ್ಲಿ 23.4 ಬಿಲಿಯನ್ ತೈವಾನ್ ಡಾಲರ್ ದಂಡ ಹಾಕಿ, ಮರುವರ್ಷ ಅದರಲ್ಲಿ ಕಟ್ಟಿದ್ದ 2.73 ಬಿಲಿಯನ್ ಮಾತ್ರ ಇಟ್ಟುಕೊಂಡು, ಉಳಿದದ್ದಕ್ಕೆ ಹೂಡಿಕೆಯ ಮಾತು ಪಡೆದು ರಾಜಿಯಾಯಿತು. ಜಪಾನ್ 2009ರಲ್ಲಿ ಕೊಟ್ಟಿದ್ದ ಆದೇಶವನ್ನು 2019ರಲ್ಲಿ ತಾನೇ ಹಿಂತೆಗೆದುಕೊಂಡಿತು. ಯುರೋಪಿನದು ಸ್ವಲ್ಪ ಬೇರೆ ದಾರಿ. 2011ರಿಂದ 2016ರವರೆಗೆ ತನ್ನ ಚಿಪ್ಪನ್ನೇ ಬಳಸಲೆಂದು ಆಪಲ್‌ಗೆ ದುಡ್ಡು ಕೊಟ್ಟದ್ದಕ್ಕೆ 997 ಮಿಲಿಯನ್ ಯೂರೊ ದಂಡ ಬಿತ್ತು. 2022ರ ಜೂನ್‌ನಲ್ಲಿ ಕೋರ್ಟ್ ಅದನ್ನು ಅಳಿಸಿತು. ಆಯೋಗ ವಿಚಾರಣೆಯ ಕ್ರಮದಲ್ಲಿ ತಪ್ಪಿದೆ, ಜೊತೆಗೆ ಆಪಲ್‌ಗೆ ಆ ಅವಧಿಯ ಬಹುಪಾಲು ಬೇರೆ ಚಿಪ್ಪೇ ಇರಲಿಲ್ಲ ಎಂಬುದನ್ನು ಸರಿಯಾಗಿ ತೂಗಿಲ್ಲ ಎಂದು. ಒಂದೇ ವ್ಯವಹಾರ, ಇಷ್ಟು ಉತ್ತರ. ಪ್ರತಿ ದೇಶವೂ ತನ್ನ ಕಂಪನಿಗಳು ರಾಯಲ್ಟಿ ಕೊಡುವ ಕಡೆ ಇವೆಯೋ ಪಡೆಯುವ ಕಡೆ ಇವೆಯೋ ಎಂದು ನೋಡಿಕೊಂಡೇ ತೀರ್ಪು ಬರೆಯುತ್ತದೆ ಎಂದರೆ ಅತಿಯಾದೀತು, ಆದರೆ ಪಟ್ಟಿಯನ್ನು ನಕಾಶೆಯ ಪಕ್ಕ ಇಟ್ಟು ನೋಡಿ.

ಆಪಲ್‌ನ ಜಗಳ ಹೇಗೆ ಮುಗಿಯಿತು? 2017ರ ಜನವರಿಯಲ್ಲಿ, ಹಿಂದಿರುಗಬೇಕಿದ್ದ ಸುಮಾರು 1 ಬಿಲಿಯನ್ ಡಾಲರ್ ತಡೆಹಿಡಿದರೆಂದು ಆಪಲ್ ದಾವೆ ಹೂಡಿತು. ಏಪ್ರಿಲ್‌ನಿಂದ ಜೋಡಣೆ ಕಂಪನಿಗಳು ರಾಯಲ್ಟಿ ಕಟ್ಟುವುದನ್ನೇ ನಿಲ್ಲಿಸಿದವು. ಕ್ವಾಲ್‌ಕಾಮ್ ಜರ್ಮನಿ ಮತ್ತು ಚೀನಾದಲ್ಲಿ ಐಫೋನ್ ಮಾರಾಟಕ್ಕೆ ತಡೆ ತಂದಿತು. ಅದು ಬಳಸಿದ ಪೇಟೆಂಟ್‌ಗಳನ್ನು ಗಮನಿಸಿ: ಮಾನದಂಡಕ್ಕೆ ಸೇರದವು. ಅನಿವಾರ್ಯ ಪೇಟೆಂಟ್ ಹಿಡಿದು ತಡೆಯಾಜ್ಞೆ ಕೇಳಿದರೆ ಫ್ರ್ಯಾಂಡ್ ವಚನ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಬ್ಯಾಟರಿ ಉಳಿಸುವಂಥ ಸಾಮಾನ್ಯ ಪೇಟೆಂಟ್‌ಗೆ ಆ ತೊಡಕಿಲ್ಲ. ಕೊನೆಗೆ 2019ರ ಏಪ್ರಿಲ್ 16ರಂದು, ಸ್ಯಾನ್ ಡಿಯೇಗೊದಲ್ಲಿ ವಿಚಾರಣೆ ಆಗಷ್ಟೇ ಆರಂಭವಾಗಿದ್ದಾಗಲೇ ರಾಜಿ. ಕ್ವಾಲ್‌ಕಾಮ್‌ನ ಲೆಕ್ಕಕ್ಕೆ ಸುಮಾರು 4.7 ಬಿಲಿಯನ್ ಡಾಲರ್ ಬಂತು. ಆಪಲ್ ಮೊದಲ ಸಲ ನೇರ ಲೈಸೆನ್ಸ್ ಪಡೆಯಿತು, ಆರು ವರ್ಷಕ್ಕೆ, ಎರಡು ವರ್ಷ ಮುಂದುವರಿಸುವ ಆಯ್ಕೆಯೊಂದಿಗೆ. ಅದೇ ದಿನ ಇಂಟೆಲ್ 5ಜಿ ಫೋನಿನ ಮೋಡೆಮ್ ವ್ಯವಹಾರದಿಂದ ಹೊರಟೆವೆಂದಿತು. ಕೆಲವೇ ತಿಂಗಳಲ್ಲಿ ಆ ವಿಭಾಗವನ್ನು ಆಪಲ್ 1 ಬಿಲಿಯನ್ ಡಾಲರ್‌ಗೆ ಕೊಂಡಿತು. ಆಪಲ್‌ಗೆ 5ಜಿ ಚಿಪ್ ಬೇಕಿತ್ತು, ಕೊಡಬಲ್ಲವರು ಒಬ್ಬರೇ ಇದ್ದರು. ಯಾವ ವಕೀಲರ ವಾದಕ್ಕಿಂತ ಇದೇ ಹೆಚ್ಚು ಕೆಲಸ ಮಾಡಿತು.

ಚಿಪ್ ಬೆದರಿಕೆಯೇ ಎಲ್ಲವೂ ಆಗಿದ್ದರೆ, ಸ್ವಂತ ಚಿಪ್ ಇರುವವರು ದುಡ್ಡು ಕೊಡಬಾರದಿತ್ತು ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಹುವಾವೇ ಬಳಿ ಸ್ವಂತ ಮೋಡೆಮ್ ಇತ್ತು, ದೊಡ್ಡ ಪೇಟೆಂಟ್ ಗಂಟೂ ಇತ್ತು, ಪಾವತಿ ತಡೆಹಿಡಿದು ವರ್ಷಗಟ್ಟಲೆ ಹಗ್ಗಜಗ್ಗಾಟವಾಡಿತು. ಆದರೂ 2020ರ ಜುಲೈನಲ್ಲಿ ಹಳೆಯ ಬಾಕಿಗೆಂದು 1.8 ಬಿಲಿಯನ್ ಡಾಲರ್ ಕೊಟ್ಟು ಹೊಸ ಲೈಸೆನ್ಸ್‌ಗೆ ಸಹಿ ಹಾಕಿತು. ಅಂದರೆ ಪೇಟೆಂಟ್‌ಗಳಿಗೆ ಅವುಗಳದೇ ಬೆಲೆ ಖಂಡಿತ ಇದೆ. ಚಿಪ್‌ನ ಭಯ ಅದರ ಮೇಲೆ ಎಷ್ಟು ಸೇರಿಸುತ್ತದೆ ಎಂಬುದೇ ಯಾರೂ ಪಕ್ಕಾ ಅಳೆಯಲಾಗದ ಭಾಗ. ಈಗ ಆಪಲ್ ಕೂಡ ಆ ಜಾಗಕ್ಕೆ ಬಂದಿದೆ. 2025ರ ಫೆಬ್ರುವರಿಯಲ್ಲಿ ಬಂದ ಐಫೋನ್ 16ಇಯಲ್ಲಿ ಅದರ ಸ್ವಂತ ಸಿ1 ಮೋಡೆಮ್ ಇದೆ. ಆ ಫೋನಿಗೆ ಕ್ವಾಲ್‌ಕಾಮ್‌ನಿಂದ ಮೊದಲ ಬಿಲ್ ಬರುವುದಿಲ್ಲ. ಎರಡನೆಯದು ಬರುತ್ತದೆ, ಮುಂದುವರಿಸಿದ ಲೈಸೆನ್ಸ್ 2027ರ ಮಾರ್ಚ್‌ವರೆಗೆ ಇದೆ.